ಗಾಮಾ ಕಿರಣ ಮನೆ ಹೆಸರು ಕೇಳುವುದಿಲ್ಲ

ನಮ್ಮ ಮನೆಯಲ್ಲಿ ಅಳತೆ ಎಂದರೆ ಮಳೆ. ಬೆಳಿಗ್ಗೆ ಕಾಫಿ ಕುಡಿದ ಲೋಟ ಕೆಳಗಿಟ್ಟ ಕೂಡಲೇ ಅಪ್ಪ ಕೊಡೆ ಹಿಡಿದು ಕಣದ ಮೂಲೆಗೆ ಹೋಗುತ್ತಾರೆ. ಮಳೆಮಾಪಕದ ಬಾಟಲಿಯ ನೀರನ್ನು ಗಾಜಿನ ಕೊಳವೆಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಓದಿ, ತೋಟದ ಡೈರಿಯಲ್ಲಿ ಬರೆದಿಡುತ್ತಾರೆ. ಮಿಲಿಮೀಟರ್ ಲೆಕ್ಕ ಟಿವಿಯವರಿಗೆ. ಕೊಡಗಿನ ತೋಟಗಳಲ್ಲಿ ಮಳೆ ಇವತ್ತಿಗೂ ಇಂಚು, ಸೆಂಟಿನಲ್ಲೇ ಬೀಳುತ್ತದೆ. ನೂರು ಸೆಂಟಿಗೆ ಒಂದು ಇಂಚು. ಜೂನ್ ಬಂತೆಂದರೆ ನೆಂಟರು ಫೋನ್ ಮಾಡಿ ಊಟ ಆಯಿತಾ ಎಂದು ಕೇಳುವ ಮೊದಲು “ನಿಮ್ಮಲ್ಲಿ ನಿನ್ನೆ ಎಷ್ಟು?” ಎನ್ನುತ್ತಾರೆ.

ಇಂಥ ಮನೆಯಿಂದ ಭೌತಶಾಸ್ತ್ರ ಓದಲು ಹೋದ ನಾನು 2017ರಲ್ಲಿ ಎಂ.ಎಸ್ಸಿ. ಪ್ರಾಜೆಕ್ಟಿಗೆ ಆರಿಸಿಕೊಂಡದ್ದೂ ಒಂದು ಅಳತೆಯನ್ನೇ. ಕಲ್ಲು, ಮರಳು, ಹೊಟ್ಟು, ರಾಳ ಇವೆಲ್ಲ ಗಾಮಾ ಕಿರಣವನ್ನೂ ಎಕ್ಸ್-ರೇಯನ್ನೂ ಎಷ್ಟೆಷ್ಟು ಹೀರುತ್ತವೆ ಎಂದು ನೋಡುವುದು. ಕಲ್ಲು ಹೆಕ್ಕುತ್ತಾ ಹೊಳೆ ದಂಡೆಯಲ್ಲಿ ಅಲೆಯುವಾಗ ಪಕ್ಕದ ತೋಟದವರು ಬೇಲಿಯಾಚೆಯಿಂದ “ಹರಳು ಕಲ್ಲು ಸಿಕ್ಕಿತಾ?” ಎಂದು ಕಣ್ಣು ಮಿಟುಕಿಸಿದ್ದರು. ಹರಳು ಕಲ್ಲಿನ ಕಳ್ಳದಂಧೆಯ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುವ ಜಿಲ್ಲೆಯಲ್ಲಿ ಅದು ಪೂರ್ತಿ ತಮಾಷೆಯೂ ಅಲ್ಲ. ನನ್ನ ಚೀಲದಲ್ಲಿದ್ದದ್ದು ಬೆಣಚುಕಲ್ಲು, ಮುರಕಲ್ಲಿನ ಚೂರು, ಹಳೆ ಸ್ಪೀಕರಿನ ಅಯಸ್ಕಾಂತದಿಂದ ಎಳೆದು ಕೂಡಿಸಿದ ಕಬ್ಬಿಣದ ಕರಿಮರಳು. ಮನೆಯಿಂದ ಕೊಂಡೊಯ್ದದ್ದು ಒಂದು ಗೋಣಿಯಷ್ಟು ಕಾಫಿ ಹೊಟ್ಟು. ಅದರ ಕತೆ ಮುಂದೆ ಬರುತ್ತದೆ.

ಅಳೆಯುವ ಕ್ರಮ ಹೇಳಲು ಸುಲಭ. ಒಂದು ಕಡೆ ವಿಕಿರಣದ ಮೂಲ. ನಮ್ಮಲ್ಲಿದ್ದವು ಸೀಸಿಯಂ-137 ಮತ್ತು ಅಮೆರಿಸಿಯಂ-241, ಅಂಗಿಯ ಗುಂಡಿಯಷ್ಟು ದೊಡ್ಡ ಬಿಲ್ಲೆಗಳು. ಸೀಸಿಯಂ 662 ಕೆಇವಿ, ಅಂದರೆ 662 ಸಾವಿರ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಗಾಮಾ ಕಿರಣ ಬಿಡುತ್ತದೆ. ಅಮೆರಿಸಿಯಂನದು 59.5 ಕೆಇವಿ, ಆಸ್ಪತ್ರೆಯ ಎಕ್ಸ್-ರೇಯ ಸಾಲಿಗೇ ಸೇರುವ ಶಕ್ತಿ. ಇನ್ನೊಂದು ಕಡೆ ಡಿಟೆಕ್ಟರ್. ಮೊದಲು ನಡುವೆ ಏನೂ ಇಡದೆ ಎಷ್ಟು ಕಿರಣ ತಲುಪಿತು ಎಂದು ಎಣಿಸಬೇಕು, ಆಮೇಲೆ ಅಳೆಯಬೇಕಾದ ವಸ್ತುವಿನ ಬಿಲ್ಲೆಯನ್ನು ನಡುವೆ ಇಟ್ಟು ಎಣಿಸಬೇಕು. ಎರಡರ ಅನುಪಾತದ ಲಾಗರಿದಮ್ ತೆಗೆದು, ಕಿರಣದ ದಾರಿಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಎಷ್ಟು ಗ್ರಾಂ ವಸ್ತು ಇತ್ತೋ ಅದರಿಂದ ಭಾಗಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಪುಸ್ತಕದಲ್ಲಿ ಅದಕ್ಕೆ ದ್ರವ್ಯರಾಶಿ ಕ್ಷೀಣನ ಗುಣಾಂಕ ಎಂಬ ಉದ್ದ ಹೆಸರಿದೆ. ಲ್ಯಾಬಿನಲ್ಲಿ ನಾವು “ಮ್ಯೂ ಬೈ ರೋ” ಎಂದೇ ಕರೆಯುತ್ತಿದ್ದೆವು.

ಲಾಗರಿದಮ್ ಯಾಕೆ ಎಂದರೆ ತೋಟದ ನೆರಳು ಮರಗಳನ್ನು ನೋಡಿ. ಮೇಲಿನ ಸಿಲ್ವರ್ ಓಕ್ ಮಳೆಯ ಇಂತಿಷ್ಟು ಪಾಲು ಹಿಡಿದುಕೊಳ್ಳುತ್ತದೆ. ಉಳಿದದ್ದರಲ್ಲಿ ಕೆಳಗಿನ ಹಲಸು ತನ್ನ ಪಾಲು ಹಿಡಿಯುತ್ತದೆ, ಅದರಲ್ಲೂ ಉಳಿದದ್ದರಲ್ಲಿ ಕಾಫಿ ಗಿಡ. ಪ್ರತಿ ಪದರವೂ ತನಗೆ ತಲುಪಿದ್ದರ ಪಾಲನ್ನಷ್ಟೇ ಕಳೆಯುತ್ತದೆ, ಹಾಗಾಗಿ ಕೊನೆಯ ಹನಿಯನ್ನೂ ತಡೆಯುವ ಪದರ ಎಂಬುದು ಇಲ್ಲ. ಸೀಸಿಯಂನ ಕಿರಣ ಅರ್ಧಕ್ಕೆ ಇಳಿಯಲು ಸೀಸವಾದರೆ ಐದೂವರೆ ಮಿಲಿಮೀಟರ್ ಸಾಕು, ನಮ್ಮ ಬೆಟ್ಟದ ಗಟ್ಟಿ ಕಲ್ಲಾದರೆ ಸುಮಾರು 3 ಸೆಂಟಿಮೀಟರ್ ಬೇಕು, ನೀರಾದರೆ 8 ಸೆಂಟಿಮೀಟರ್. ಆ ಅರ್ಧ ಮತ್ತೆ ಅರ್ಧವಾಗಲು ಮತ್ತೆ ಅಷ್ಟೇ ದಪ್ಪ.

ಮಳೆಯ ಹೋಲಿಕೆ ಇನ್ನೂ ಒಂದು ಹೆಜ್ಜೆ ನಡೆಯುತ್ತದೆ. ಮಳೆ ನಿಂತ ಮೇಲೂ ಮರದಡಿ ತೊಟ್ಟಿಕ್ಕುತ್ತಲೇ ಇರುತ್ತದಲ್ಲ, ನೇರ ಆಕಾಶದಿಂದಲ್ಲ, ಎಲೆಗೆ ಬಡಿದು ಓರೆಯಾಗಿ. ಗಾಮಾ ಕಿರಣವೂ ಹಾಗೆಯೇ ಎಲೆಕ್ಟ್ರಾನಿಗೆ ಬಡಿದು, ಶಕ್ತಿ ಕಳೆದುಕೊಂಡು, ದಾರಿ ತಪ್ಪಿ ಡಿಟೆಕ್ಟರಿಗೆ ಬಂದು ಬೀಳುತ್ತದೆ. ಅದನ್ನೂ ಎಣಿಸಿದರೆ ಕಲ್ಲು ನಿಜಕ್ಕಿಂತ ಕಡಿಮೆ ಹೀರಿದಂತೆ ಕಾಣುತ್ತದೆ. ಅದಕ್ಕೇ ಮೂಲದ ಮುಂದೊಂದು, ಡಿಟೆಕ್ಟರಿನ ಮುಂದೊಂದು ಸೀಸದ ಇಟ್ಟಿಗೆ ಇಟ್ಟು, ಸಣ್ಣ ತೂತಿನಲ್ಲಿ ನೇರವಾಗಿ ಬಂದ ಕಿರಣ ಮಾತ್ರ ನುಸುಳುವಂತೆ ಮಾಡುವುದು. ಆ ಎರಡು ತೂತುಗಳನ್ನು ಒಂದೇ ಗೆರೆಗೆ ತರುವುದರಲ್ಲೇ ನನ್ನ ಮೊದಲ ಎರಡು ವಾರ ಮುಗಿದಿತ್ತು. ಸೀಸದ ಇಟ್ಟಿಗೆ ಎತ್ತಿದವರಿಗೆ ಗೊತ್ತು, ನೋಡಲು ಸಣ್ಣದು, ಸೊಂಟಕ್ಕೆ ಸಣ್ಣದಲ್ಲ.

ಮೊದಲ ಫಲಿತಾಂಶ ಬಂದಾಗ ನನಗಾದದ್ದು ನಿರಾಸೆ. ಸೀಸಿಯಂ ಕಿರಣಕ್ಕೆ ಬೆಣಚುಕಲ್ಲು ಕೊಟ್ಟ ಸಂಖ್ಯೆ 0.077. ಕರಿಮರಳು 0.075. ಅಂಗಡಿಯಿಂದ ತಂದ ಬೇರಿಯಂ ಸಲ್ಫೇಟ್, ಅಂದರೆ ಆಂಧ್ರದ ಮಂಗಂಪೇಟೆಯಲ್ಲಿ ಬೆಟ್ಟಗಟ್ಟಲೆ ಸಿಗುವ ಬೆರೈಟ್, ಅದೂ ಅಷ್ಟರಲ್ಲೇ. ಬಿಳಿ ಕಲ್ಲು, ಕಪ್ಪು ಮರಳು, ಕೈಯಲ್ಲಿ ಹಿಡಿದರೆ ಭಾರಕ್ಕೆ ಬೆಚ್ಚಿಬೀಳಿಸುವ ಬೆರೈಟ್ ಪುಡಿ, ಗ್ರಾಮಿಗೆ ಗ್ರಾಂ ಇಟ್ಟರೆ ಎಲ್ಲ ಒಂದೇ! ಸೀಸದ ಸಂಖ್ಯೆಯೂ 0.110 ಮಾತ್ರ. ಜಗತ್ತೆಲ್ಲ ವಿಕಿರಣಕ್ಕೆ ಗುರಾಣಿ ಎಂದು ನಂಬಿದ ಸೀಸ, ತೂಕಕ್ಕೆ ತೂಕ ಹಾಕಿದರೆ ಹಿತ್ತಲ ಕಲ್ಲಿಗಿಂತ ಒಂದೂವರೆ ಪಟ್ಟೂ ಮೇಲಲ್ಲ. ಕಡಿಮೆ ಜಾಗದಲ್ಲಿ ಹೆಚ್ಚು ತೂಕ ತುಂಬುವುದೇ ಅದರ ದೊಡ್ಡಸ್ತಿಕೆ.

ಕಾರಣ ಪುಸ್ತಕದಲ್ಲಿತ್ತು, ನಾನು ಪರೀಕ್ಷೆಗೆ ಬರೆದೂ ಇದ್ದೆ. ಈ ಶಕ್ತಿಯ ಕಿರಣಕ್ಕೆ ಪರಮಾಣು ಯಾವುದು ಎಂಬುದು ಹೆಚ್ಚುಕಡಿಮೆ ಬೇಕಿಲ್ಲ. ಅದು ಬಡಿಯುವುದು ಬಿಡಿ ಎಲೆಕ್ಟ್ರಾನುಗಳಿಗೆ, ಮತ್ತು ಒಂದು ಗ್ರಾಂ ವಸ್ತುವಿನಲ್ಲಿ ಎಲೆಕ್ಟ್ರಾನುಗಳ ಸಂಖ್ಯೆ ಆಮ್ಲಜನಕದಿಂದ ಕಬ್ಬಿಣದವರೆಗೆ ಸುಮಾರಾಗಿ ಒಂದೇ. 1911ರಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಚಾರ್ಲ್ಸ್ ಬಾರ್ಕ್ಲಾ ಎಕ್ಸ್-ರೇ ಎಷ್ಟು ಚದುರುತ್ತದೆಂದು ನೋಡಿಯೇ ಹಗುರ ಪರಮಾಣುಗಳಲ್ಲಿ ಎಲೆಕ್ಟ್ರಾನುಗಳ ಸಂಖ್ಯೆ ಪರಮಾಣು ತೂಕದ ಅರ್ಧದಷ್ಟು ಎಂದು ಕಂಡುಕೊಂಡದ್ದು. ಪರಮಾಣುವಿನೊಳಗೆ ಏನಿದೆ ಎಂದು ಇನ್ನೂ ಸರಿಯಾಗಿ ಗೊತ್ತಿಲ್ಲದ ಕಾಲದಲ್ಲಿ.

ಅದೇ ಬಿಲ್ಲೆಗಳನ್ನು ಅಮೆರಿಸಿಯಂನ ಮುಂದಿಟ್ಟಾಗ ಆಟವೇ ಬದಲಾಯಿತು. ಬೆಣಚುಕಲ್ಲು 0.25ರ ಆಸುಪಾಸು; ಕರಿಮರಳು ಅದರ ನಾಲ್ಕು ಪಟ್ಟು ಹತ್ತಿರ; ಬೆರೈಟ್ 5ನ್ನು ದಾಟಿತು! ಸೀಸದ್ದೂ ಈ ಶಕ್ತಿಯಲ್ಲಿ 5ರ ಹತ್ತಿರವೇ. ಇಲ್ಲಿ ಕಿರಣ ಪರಮಾಣುವಿನ ಒಳಗಿನ ಬಿಗಿ ಎಲೆಕ್ಟ್ರಾನನ್ನು ಕಿತ್ತು ತಾನು ಪೂರ್ತಿ ಹೀರಿಹೋಗುತ್ತದೆ, ಆ ಗುಣ ಪರಮಾಣು ಸಂಖ್ಯೆ ಏರಿದಂತೆ ಧಡಧಡನೆ ಏರುತ್ತದೆ. ಅದರಲ್ಲೂ ಒಂದು ಮೆಟ್ಟಿಲಿದೆ. ಬೇರಿಯಂನ ಅತಿ ಒಳಗಿನ ಎಲೆಕ್ಟ್ರಾನನ್ನು ಕೀಳಲು 37.4 ಕೆಇವಿ ಸಾಕು. ಸೀಸದ್ದನ್ನು ಕೀಳಲು 88 ಬೇಕು. 59.5ರ ಕಿರಣಕ್ಕೆ ಬೇರಿಯಂನ ಒಳಕೋಣೆಯ ಬಾಗಿಲು ತೆರೆಯುತ್ತದೆ, ಸೀಸದ್ದು ತೆರೆಯುವುದಿಲ್ಲ. ಅದಕ್ಕೇ ಹಗುರವಾದ ಬೇರಿಯಂ ಭಾರದ ಸೀಸಕ್ಕೆ ಸರಿಸಮ ನಿಲ್ಲುವುದು. ಎಕ್ಸ್-ರೇ ಕೋಣೆಯ ಗೋಡೆಗೆ ಬೆರೈಟ್ ಗಾರೆ ಬಳಿಯುವುದೂ, ಹೊಟ್ಟೆಯ ಎಕ್ಸ್-ರೇಗೆ ಮೊದಲು ರೋಗಿಗೆ ಬೇರಿಯಂ ಹಿಟ್ಟಿನ ನೀರು ಕುಡಿಸುವುದೂ ಇದೇ ಗುಣದ ಮೇಲೆ.

ಕೊಡಗಿನಲ್ಲಿ ಹೊಸಬರು ಸಿಕ್ಕರೆ ಮೊದಲ ಪ್ರಶ್ನೆ “ಯಾವ ಮನೆಯವರು?” ಎಂಬುದು. ಕೊಡವರಾದರೆ ಮನೆಪೆದ, ಗೌಡರಾದರೆ ಮನೆತನದ ಹೆಸರು. ಅದು ತಿಳಿದರೆ ಅರ್ಧ ಪರಿಚಯ ಮುಗಿದಂತೆ, ಎಷ್ಟೋ ಸಲ ನೆಂಟಸ್ತಿಕೆಯೂ ಸಿಕ್ಕಿಬಿಡುತ್ತದೆ. ಅಮೆರಿಸಿಯಂ ಕಿರಣ ಹೀಗೆ ಮನೆ ಹೆಸರು ಕೇಳುವ ಜಾತಿಯದು. ಸೀಸಿಯಂನದು ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಎಲೆ ಎಣಿಸುವವನ ಹಾಗೆ, ಯಾರು ಕೂತರೂ ತಲೆಗೊಂದು. ಈ ಹೋಲಿಕೆಯನ್ನು ಮೌಖಿಕ ಪರೀಕ್ಷೆಯಲ್ಲಿ ಹೇಳಬೇಕೆಂದಿದ್ದೆ, ಧೈರ್ಯ ಬರಲಿಲ್ಲ.

ಇನ್ನು ಹೊಟ್ಟಿನ ವಿಷಯ.

ಕಾಫಿ ಹೊಟ್ಟನ್ನು ಪ್ರಾಜೆಕ್ಟಿಗೆ ತಂದದ್ದು ಸ್ವಲ್ಪ ಊರಭಿಮಾನ, ಸ್ವಲ್ಪ ಚಟ. ಬೆರೈಟ್ ಪುಡಿಯನ್ನು ಎಪಾಕ್ಸಿ ರಾಳದಲ್ಲಿ ಕಲಸಿ, ತುಂಬುವ ಸರಕಾಗಿ ಹೊಟ್ಟು ಸೇರಿಸಿ ಒಂದು ಸಂಯೋಜಿತ ವಸ್ತು ಮಾಡುವುದು ಯೋಚನೆ. ಅದಕ್ಕೆ ಮೊದಲು ಬರೀ ಹೊಟ್ಟಿನ ಸಂಖ್ಯೆ ಬೇಕು. ಬೆರಕೆಯ ಲೆಕ್ಕ ಈ ವಿಷಯದಲ್ಲಿ ಬಹಳ ಸಜ್ಜನ: ಪ್ರತಿ ಘಟಕದ ಸಂಖ್ಯೆಯನ್ನು ಅದರ ತೂಕದ ಪಾಲಿನಿಂದ ಗುಣಿಸಿ ಕೂಡಿದರೆ ಮುಗಿಯಿತು. ಕಬ್ಬಿಣ ತುಕ್ಕಿನಲ್ಲಿದ್ದರೂ ಹರಳಿನಲ್ಲಿದ್ದರೂ ಈ ಕಿರಣಗಳಿಗೆ ಒಂದೇ. ಅಮೆರಿಕದ ನಿಸ್ಟ್ ಸಂಸ್ಥೆಯ ಎಕ್ಸ್‌ಕಾಮ್ ಎಂಬ ತಂತ್ರಾಂಶಕ್ಕೆ ರಾಸಾಯನಿಕ ಸೂತ್ರ ಕೊಟ್ಟರೆ ಅದು ಇದೇ ಲೆಕ್ಕ ಹಾಕಿ ಉತ್ತರ ಕೊಡುತ್ತದೆ. ಹೊಟ್ಟನ್ನು ಸೆಲ್ಯುಲೋಸ್ ಎಂದು ಹಿಡಿದರೆ ಸೀಸಿಯಂ ಕಿರಣಕ್ಕೆ 0.082 ಬರಬೇಕು. ಹೌದು, ಕಲ್ಲಿಗಿಂತ ಜಾಸ್ತಿ. ಸೆಲ್ಯುಲೋಸಿನಲ್ಲಿ ಜಲಜನಕ ಇದೆ, ಜಲಜನಕದ ಬೀಜಕೇಂದ್ರದಲ್ಲಿ ನ್ಯೂಟ್ರಾನಿನ ಭಾರವಿಲ್ಲ, ಹಾಗಾಗಿ ಗ್ರಾಮಿಗೆ ಎಲೆಕ್ಟ್ರಾನು ದುಪ್ಪಟ್ಟು. ಗ್ರಾಂ ಲೆಕ್ಕದಲ್ಲಿ ಕಾಫಿ ಹೊಟ್ಟು ಕಬ್ಬಿಣಕ್ಕಿಂತ ಮೇಲು ಎಂದು ಅಪ್ಪನಿಗೆ ಹೇಳಿದಾಗ ಅವರು “ಹಾಗಾದರೆ ಇನ್ನು ಮೇಲೆ ಕಬ್ಬಿಣದ ರೇಟಿಗೆ ಮಾರಬಹುದು” ಎಂದಿದ್ದರು.

ನನ್ನ ಅಳತೆಯಲ್ಲಿ ಬಂದದ್ದು 0.093.

ಶೇಕಡಾ 13 ಹೆಚ್ಚು. ಖಾಲಿ ಇದ್ದಾಗ 40,000 ಎಣಿಕೆ, ಬಿಲ್ಲೆ ಇಟ್ಟಾಗ 29,700ರ ಸುಮಾರು. ಎಣಿಕೆಯ ಅನಿಶ್ಚಿತತೆ ಅದರ ವರ್ಗಮೂಲ, ಅಂದರೆ 40,000ಕ್ಕೆ 200. ಎಲ್ಲ ಸೇರಿಸಿದರೂ ನನ್ನ ತಪ್ಪು ಶೇಕಡಾ 3ರ ಒಳಗಿರಬೇಕಿತ್ತು. ಗೈಡ್ ಸರ್‌ಗೆ ಮೊದಲ ಅನುಮಾನ ತೂತುಗಳ ಮೇಲೆ. ಮತ್ತೆ ಸೀಸದ ಇಟ್ಟಿಗೆ, ಮತ್ತೆ ಸೊಂಟ. ಎರಡನೇ ಅನುಮಾನ ಡಿಟೆಕ್ಟರಿನ ಮೇಲೆ. ಅದು ಸೋಡಿಯಂ ಅಯೋಡೈಡ್ ಹರಳು, 1948ರಲ್ಲಿ ಅಮೆರಿಕದ ಭೌತವಿಜ್ಞಾನಿ ಹಾಫ್‌ಸ್ಟಾಡ್ಟರ್ ಕಂಡುಹಿಡಿದ ಬಗೆಯದು. ಅದೂ ಒಂದು ಉಪ್ಪೇ. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಉಪ್ಪಿನ ಭರಣಿ ಹೇಗೆ ನೀರು ಬಿಡುತ್ತದೋ ಹಾಗೆ ಗಾಳಿ ತಾಗಿದರೆ ಇದೂ ತೇವ ಹೀರಿ ಹಳದಿಯಾಗಿ ಕೆಟ್ಟುಹೋಗುತ್ತದೆ, ಅದಕ್ಕೇ ಅಲ್ಯೂಮಿನಿಯಂ ಡಬ್ಬಿಯೊಳಗೆ ಗಾಳಿಯಾಡದಂತೆ ಮುಚ್ಚಿರುತ್ತಾರೆ. ಡಬ್ಬಿ ನೆಟ್ಟಗಿತ್ತು. ಅಲ್ಯೂಮಿನಿಯಂ ತುಂಡು ಇಟ್ಟು ನೋಡಿದೆವು: 0.075, ಪುಸ್ತಕದಲ್ಲಿದ್ದಷ್ಟೇ. ಉಪಕರಣ ಸರಿ, ಹೊಟ್ಟು ಮಾತ್ರ ತಪ್ಪು.

ಹೊಟ್ಟಿನಲ್ಲಿ ಪೊಟ್ಯಾಸಿಯಂ ಹೆಚ್ಚು (ಅದಕ್ಕೇ ತೋಟಕ್ಕೆ ಗೊಬ್ಬರವಾಗಿ ಹಾಕುವುದು), ಅದರಿಂದಿರಬಹುದೇ ಎಂದು ಒಂದು ಇಡೀ ಸಂಜೆ ಲೆಕ್ಕ ಹಾಕಿದೆ. ಹತ್ತು ಗ್ರಾಂ ಹೊಟ್ಟಿನ ಪೊಟ್ಯಾಸಿಯಂ ಇಷ್ಟು ವ್ಯತ್ಯಾಸ ಮಾಡಲಾರದು.

ಶನಿವಾರ ಆ ಬಿಲ್ಲೆಯನ್ನು ಜೇಬಿನಲ್ಲಿ ಹಾಕಿಕೊಂಡು ಮನೆಗೆ ಬಂದೆ. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ನಡುವಿನ ತಿಂಗಳ ಮಳೆ, ಹಂಚಿನ ಮೇಲೆ ಬೀಳುವ ಸದ್ದಿಗೆ ಎದುರು ಕೂತವರ ಮಾತೂ ಕೇಳುತ್ತಿರಲಿಲ್ಲ. ಒಲೆಯ ಮುಂದೆ ಕೂತು ಅಪ್ಪನಿಗೆ ಗೋಳು ಹೇಳಿಕೊಂಡೆ. ಅವರು ಬಿಲ್ಲೆಯನ್ನು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು. ಹೆಬ್ಬೆರಳಿನ ಉಗುರಿನಿಂದ ಅಂಚು ಕೆರೆದರು. ಒಣ ಹೊಟ್ಟಾದರೆ ಪುಡಿ ಉದುರಬೇಕು. ಇದು ಮೆತ್ತಗೆ ಮಡಚಿಕೊಂಡಿತು.

“ತೂಗಿದ್ದು ಯಾವಾಗ?”

“ಓವನ್‌ನಲ್ಲಿ ಒಣಗಿಸಿ ತೆಗೆದ ಕೂಡಲೇ. ಹೋದ ವಾರ ಶುಕ್ರವಾರ.”

“ಮಿಷನಿನಲ್ಲಿ ಇಟ್ಟದ್ದು?”

ಮಂಗಳವಾರ. ನಡುವೆ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಇರಲಿಲ್ಲ. ಬಿಲ್ಲೆ ಮೇಜಿನ ಮೇಲೇ ಇತ್ತು.

ಅಪ್ಪ ನಕ್ಕದ್ದು ನನ್ನನ್ನು ನೋಡಿಯಲ್ಲ, ಒಲೆಯನ್ನು ನೋಡಿ. “ಕಕ್ಕಡದಲ್ಲಿ ನಾಲ್ಕು ದಿನ ಹೊರಗಿಟ್ಟ ಹೊಟ್ಟು ನೀರು ಕುಡಿಯದೆ ಇರುತ್ತದಾ? ನೀನು ತೂಗಿದ್ದು ಹೊಟ್ಟನ್ನು, ಅಳೆದದ್ದು ಹೊಟ್ಟು ಮತ್ತು ನೀರನ್ನು.”

ಸೋಮವಾರ ತೂಗಿದೆ. 10 ಗ್ರಾಮಿದ್ದದ್ದು 11.3 ಆಗಿತ್ತು. ಆ 1.3 ಗ್ರಾಂ ನೀರನ್ನು ಲೆಕ್ಕದಲ್ಲಿ ಸೇರಿಸಿದ ಕೂಡಲೇ 0.082 ಬಂದು ಕೂತಿತು. ಒಂದು ವಾರದ ತಲೆಬಿಸಿ ಒಂದು ಉಗುರಿನ ಗೆರೆಯಲ್ಲಿ ಮುಗಿಯಿತು. ತೇವ ಒಂದೆರಡು ಪಾಯಿಂಟ್ ಏರಿದರೆ ಚೀಲಕ್ಕೆ ಎಷ್ಟು ಕಡಿತ ಎಂದು ಬಾಯಲ್ಲೇ ಲೆಕ್ಕ ಹಾಕುವವರ ಮನೆಯಲ್ಲಿ ಹುಟ್ಟಿ ನನಗೆ ಇದು ಹೊಳೆಯದೆ ಹೋದದ್ದಕ್ಕೆ ಇವತ್ತಿಗೂ ನಾಚಿಕೆ. ಕಣದಿಂದ ಕಾಫಿ ಎತ್ತುವ ಮೊದಲು ಮೀಟರ್ ಇಟ್ಟು ನೋಡುವುದನ್ನು ಚಿಕ್ಕಂದಿನಿಂದ ಕಂಡಿದ್ದೇನೆ. ಲ್ಯಾಬಿನ ಬಾಗಿಲು ದಾಟುವಾಗ ಅದನ್ನೆಲ್ಲ ಚಪ್ಪಲಿಯ ಜೊತೆ ಹೊರಗೆ ಬಿಟ್ಟಿದ್ದೆ ಅಂತ ಕಾಣುತ್ತದೆ.

ರಾಳದ ಕೆಲಸದಲ್ಲೂ ಮಳೆ ಬಿಡಲಿಲ್ಲ. ಎಪಾಕ್ಸಿ ಚಳಿಯಲ್ಲಿ ನಿಧಾನ ಗಟ್ಟಿಯಾಗುತ್ತದೆ, ತೇವದ ಗಾಳಿಯಲ್ಲಿ ಮೇಲೆ ಜಿಡ್ಡಿನಂಥ ಬಿಳಿ ಪೊರೆ ಕಟ್ಟುತ್ತದೆ. ಗಟ್ಟಿಯಾಗುವುದು ತಡವಾದಷ್ಟೂ ಬೆರೈಟಿನ ಭಾರದ ಪುಡಿ ತಳಕ್ಕೆ ಇಳಿಯುತ್ತದೆ. ಪ್ಲಾಸ್ಟಿಕ್ ಲೋಟದಲ್ಲಿ ಎರಕ ಹೊಯ್ದ ಮೊದಲ ತುಂಡು ನೋಡಲು ಒಂದೇ ಸಮನೆ ಬೂದು ಬಣ್ಣ, ಮನುಷ್ಯರ ಕಣ್ಣಿಗೆ ದೋಷವಿಲ್ಲ. ಅದನ್ನು ಅಡ್ಡಕ್ಕೆ ಇಟ್ಟು ತಳದಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಕಿರಣ ಹಾಯಿಸಿದೆ. ಸೀಸಿಯಂ ಕಿರಣ ಮೇಲ್ಭಾಗದಲ್ಲಿ ನೂರಕ್ಕೆ 70ರಷ್ಟು ದಾಟಿತು, ತಳದಲ್ಲಿ 50ರಷ್ಟು. ಅಮೆರಿಸಿಯಂನದು ಮೇಲ್ಭಾಗದಲ್ಲಿ 40ರಷ್ಟು ದಾಟಿತು. ತಳದಲ್ಲಿ ಏನೂ ಇಲ್ಲ. ಮನೆ ಹೆಸರು ಕೇಳುವ ಕಿರಣಕ್ಕೆ ಬೇರಿಯಂನವರೆಲ್ಲ ಒಂದೇ ಮೂಲೆಯಲ್ಲಿ ಗುಂಪುಗೂಡಿದ್ದು ತಕ್ಷಣ ಗೊತ್ತಾಯಿತು. ಆಮೇಲೆ ರಾಳ ನಮ್ಮ ಅಡುಗೆಯ ಮಂದ ಹುಳಿರಸ ಕಾಚಂಪುಳಿಯ ಹದಕ್ಕೆ ಬರುವವರೆಗೆ ಕಾದು ಪುಡಿ ಕಲಸಿ, ಅಚ್ಚನ್ನು ಒಲೆಯ ಮೇಲಿನ ಅಟ್ಟದ ಬೆಚ್ಚಗೆ ಇಟ್ಟು ಸರಿಮಾಡಿಕೊಂಡೆ. ಅಮ್ಮ ಒಂದು ವಾರ ಅಟ್ಟದ ಕಡೆ ಕೈ ಚಾಚಲಿಲ್ಲ.

ಆ ತುಂಡು ಉಪಯೋಗಕ್ಕೆ ಬಂತೇ ಎಂದರೆ, ಲೆಕ್ಕ ಹೇಳಿಬಿಡುತ್ತೇನೆ. ಎಕ್ಸ್-ರೇ ತಂತ್ರಜ್ಞರ ಏಪ್ರನ್ನಿನಲ್ಲಿ ಕನಿಷ್ಠ 0.25 ಮಿಲಿಮೀಟರ್ ಸೀಸಕ್ಕೆ ಸಮನಾದ ತಡೆ ಇರಬೇಕು. 60 ಕೆಇವಿ ಸುಮಾರಿನಲ್ಲಿ ಅಷ್ಟೇ ತಡೆಯಲು ಅರ್ಧ ತೂಕ ಬೆರೈಟ್ ಇರುವ ನನ್ನ ವಸ್ತು ಹೆಚ್ಚುಕಡಿಮೆ 3 ಮಿಲಿಮೀಟರ್ ದಪ್ಪ ಇರಬೇಕು, ತೂಕ ಸೀಸದ ಹಾಳೆಯ ಎರಡು ಪಟ್ಟು. ಸೀಸದ ವಿಷ ಇಲ್ಲ, ಅದು ನಿಜ. ಆದರೆ “ಸೀಸಕ್ಕಿಂತ ಹಗುರ” ಎಂದು ಹೊಗಳಿಕೊಳ್ಳುವ ಸಂಯೋಜಿತ ವಸ್ತುಗಳ ಪ್ರಬಂಧ ಸಿಕ್ಕಾಗ ನಾನೀಗ ಮೊದಲು ನೋಡುವುದು ಯಾವ ಶಕ್ತಿಯಲ್ಲಿ, ಎಷ್ಟು ದಪ್ಪಕ್ಕೆ ಎಂಬುದನ್ನು. ಸಾಂದ್ರತೆ ಕಡಿಮೆ ಇರುವುದು ಬೇರೆ, ಅಷ್ಟೇ ತಡೆಗೆ ತೂಕ ಕಡಿಮೆ ಆಗುವುದು ಬೇರೆ.

ಮರುವರ್ಷ ಆಗಸ್ಟ್ ಬಂತು. 2018ರ ಆಗಸ್ಟ್ ಬಗ್ಗೆ ಕೊಡಗಿನವರಿಗೆ ವಿವರಿಸಬೇಕಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಎಲ್ಲ ಕಡೆ ಗುಡ್ಡ ಕುಸಿಯಿತು. ನಮ್ಮ ಬೆಟ್ಟ ನಿಂತಿತು, ಎದುರಿನ ಬೆಟ್ಟದ ಮೈ ಕೆಂಪಗೆ ಸೀಳಿತು. ಆ ರಾತ್ರಿಗಳಲ್ಲಿ ನಿದ್ದೆ ಬಾರದೆ ನಾನು ಮಾಡಿದ್ದು ಒಂದು ಲೆಕ್ಕ, ಬೇರೆ ಏನು ಮಾಡಲೂ ತೋಚದೆ. ಮಣ್ಣಿನ ತೇವವನ್ನು ಗಾಮಾ ಕಿರಣದಿಂದ ಅಳೆಯುವ ಹಳೆಯ ಕ್ರಮವೊಂದಿದೆ. ಸೀಸಿಯಂ, ಅಮೆರಿಸಿಯಂ ಎರಡನ್ನೂ ಒಟ್ಟಿಗೆ ಬಳಸಿದರೆ ಮಣ್ಣಿನ ಪಾಲೆಷ್ಟು, ನೀರಿನ ಪಾಲೆಷ್ಟು ಎಂದು ಬಿಡಿಸಬಹುದು. ಘನ ಸೆಂಟಿಮೀಟರಿಗೆ 1.3 ಗ್ರಾಂ ಇರುವ ಸಡಿಲ ಮಣ್ಣಿನಲ್ಲಿ ಅರ್ಧ ಜಾಗ ಬರೀ ಸಂದು. ಹತ್ತು ಸೆಂಟಿಮೀಟರ್ ಒಣ ಮಣ್ಣು ಸೀಸಿಯಂ ಕಿರಣವನ್ನು ನೂರಕ್ಕೆ 37ರಷ್ಟು ದಾಟಿಸುತ್ತದೆ. ಸಂದಿನಲ್ಲೆಲ್ಲ ನೀರು ತುಂಬಿದರೆ 24. ಹೊಟ್ಟಿನ ಬಿಲ್ಲೆಯ ಲೆಕ್ಕವೇ, ಸಂಖ್ಯೆ ದೊಡ್ಡದು ಅಷ್ಟೆ. ಹೀಗೆ ಒಂದು ಎಕರೆ ಇಳಿಜಾರಿನಲ್ಲಿ ಒಂದು ಮೀಟರ್ ಆಳದ ಒಣ ಮಣ್ಣು ಪೂರ್ತಿ ತೊಯ್ದರೆ ಸುಮಾರು 2,000 ಟನ್ ನೀರು. ಬರೀ ಭಾರವಲ್ಲ ಬೆಟ್ಟವನ್ನು ಜಾರಿಸುವುದು, ಆ ನೀರಿನ ಒತ್ತಡ ಮಣ್ಣಿನ ಕಣಗಳ ಹಿಡಿತವನ್ನೇ ಬಿಡಿಸುತ್ತದೆ. ಅದು ಗೊತ್ತಿದ್ದೂ ನಾನು ಬರೆದಿಟ್ಟ ಕಾಗದದಲ್ಲಿ ಆ ಟನ್ನಿನ ಸಂಖ್ಯೆಗೆ ಎರಡು ಗೆರೆ ಎಳೆದಿದ್ದೆ.

ಪ್ರಾಜೆಕ್ಟ್ ವರದಿಯ ಒಂದು ಪ್ರತಿ ಮನೆಯಲ್ಲಿದೆ, ತೋಟದ ಡೈರಿಗಳ ಸಾಲಿನಲ್ಲೇ. ಅಪ್ಪ ಅದನ್ನು ಓದಿದ್ದಾರೆಂದು ನಾನು ಎಂದೂ ಅಂದುಕೊಂಡಿರಲಿಲ್ಲ. ಮೊನ್ನೆ ಏನೋ ಹುಡುಕುತ್ತಾ ತೆರೆದಾಗ ತೇವಾಂಶದ ತಿದ್ದುಪಡಿಯ ಪುಟ ತಾನಾಗಿ ತೆರೆದುಕೊಂಡಿತು, ಬೆನ್ನು ಅಲ್ಲೇ ಮುರಿದಿತ್ತು. ಬಿಲ್ಲೆ ನಾಲ್ಕು ದಿನ ಹೊರಗಿತ್ತು ಎಂದು ನಾನು ಇಂಗ್ಲಿಷಿನಲ್ಲಿ ಬರೆದ ಸಾಲಿನ ಪಕ್ಕ, ಅಂಚಿನಲ್ಲಿ, ಡೈರಿಯ ಅದೇ ಅಕ್ಷರದಲ್ಲಿ ಪೆನ್ಸಿಲಿನಿಂದ: ಶುಕ್ರ 2-40, ಶನಿ 3-15, ಭಾನು 1-90, ಸೋಮ 2-65.